ತುಟಿಗೆ ತಕ್ಕ ಮಾತು

"ನಿಲ್ಲಿಸಿ! ಈ ಮದುವೆ ನಡೆಯಕೂಡದು!" ಎಂಬ ಮಾತನ್ನು ಅವಳು ಇನ್ನೊಮ್ಮೆ ಹೇಳಬೇಕಾಗಿತ್ತು. ಗಾಜಿನ ಆಚೆ ಕೂತಿದ್ದ ರೆಕಾರ್ಡಿಂಗ್‌ನವನು ಕೈಯೆತ್ತಿದ. ಪರದೆಯ ಮೇಲೆ ಅದೇ ಹುಡುಗಿ, ಅದೇ ಬಾಗಿಲನ್ನು ಅದೇ ರಭಸದಲ್ಲಿ ತಳ್ಳಿಕೊಂಡು, ಕೆದರಿದ ಕೂದಲಲ್ಲಿ ಮತ್ತೆ ಓಡಿಬಂದು ಬಾಯಿ ತೆರೆದಳು. ಆ ತೆರೆದ ಬಾಯಿಗೆ ಮಾತು ತುಂಬಬೇಕಾದವಳು ಇವಳು. ಇವಳ ಗಂಟಲ ಪಸೆ ಆರಿಹೋಗಿತ್ತು. ಹುಡುಗಿ ಸದ್ದಿಲ್ಲದೆ ತುಟಿ ಅಲ್ಲಾಡಿಸಿ, ಸದ್ದಿಲ್ಲದೆ ಬೆರಳು ತೋರಿಸಿ, ನೀರಿಂದ ತೆಗೆದ ಮೀನಿನ ಹಾಗೆ ಬಾಯಿ ಮುಚ್ಚಿಕೊಂಡಳು. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಅವನ ನಗು ಕೇಳಿಸಿತು. "ಏನ್ ಅಕ್ಕೋರೆ ಇವತ್ತು? ಕಂಡೋರ ಮದುವೆ ನಿಲ್ಸೋದು ನಿಮಗೆ ನೀರು ಕುಡಿದಷ್ಟು ಸುಲಭ, ಇವತ್ತು ಕೆಮ್ಮು ಕೂಡ ಬರ್ತಿಲ್ವಲ್ಲ!" ಇವಳು ನೀರು ಕುಡಿದು, "ಮಧ್ಯಾಹ್ನ ನನ್ ತಂಗಿ ಮದುವೆ ಕಣೋ, ಬೇಗ ಹೋಗ್ಬೇಕು" ಎಂದಳು. "ಅಯ್ಯೋ, ಹಾಗನ್ನಿ. ಅಲ್ಲಿಗೆ ಅಂತ ಒಂದು ಕೂಗು ಉಳಿಸ್ಕೊಂಡಿದೀರ!" ಎಂದು ಅವನು ತನ್ನ ತಮಾಷೆಗೆ ತಾನೇ ಮೇಜು ಬಡಿದುಕೊಂಡು ನಕ್ಕ. ಪಾಪ, ಅವನಿಗೇನು ಗೊತ್ತು.

ಹಗಲೆಲ್ಲ ಈ ಕತ್ತಲ ಕೋಣೆಯಲ್ಲಿ ನಿಂತು ಬೇರೆಯವರ ಬಾಯಿಗೆ ಧ್ವನಿ ಕೊಡುವುದು ಅವಳ ಕಸುಬು. ಅದರಲ್ಲೂ ಮದುವೆ ನಿಲ್ಲಿಸುವ ಮಾತು ಬಂದರೆ ಎಲ್ಲ ಧಾರಾವಾಹಿಯವರೂ ಅವಳನ್ನೇ ಕರೆಸುತ್ತಿದ್ದರು. ಸ್ಟುಡಿಯೋದಲ್ಲಿ ಅವಳ ಹೆಸರೇ 'ನಿಲ್ಲಿಸಿ ಮೇಡಂ' ಎಂದಾಗಿತ್ತು. ಕೈಬಿಟ್ಟ ಪ್ರೇಯಸಿಗೆ, ಬಚ್ಚಿಟ್ಟ ಮೊದಲ ಹೆಂಡತಿಗೆ, ಸತ್ತಳೆಂದು ಊರೆಲ್ಲ ಅತ್ತು ಮುಗಿಸಿದ ಮೇಲೆ ಸರಿಯಾದ ಗಳಿಗೆಗೆ ಎದ್ದುಬಂದ ಅವಳಿ ಸೋದರಿಗೆ, ಎಲ್ಲರಿಗೂ ಇವಳದೇ ಗಂಟಲು. ಆ ಕಥೆಗಳಲ್ಲಿ ಆಕ್ಷೇಪ ಎತ್ತುವುದು ಎಷ್ಟು ಸಲೀಸು! ಬಾಗಿಲು ತಾನಾಗಿ ದಢಾರನೆ ತೆರೆದುಕೊಳ್ಳುತ್ತದೆ. ಉಂಗುರ ಬೆರಳಿಗೆ ಏರುವ ಕೂದಲೆಳೆಯಷ್ಟು ಮೊದಲು ಎಲ್ಲರೂ ಒಟ್ಟಿಗೆ ತಿರುಗುತ್ತಾರೆ. ನೀನ್ಯಾರಮ್ಮ, ನಿನಗೇನು ಗೊತ್ತು, ಸಾಕ್ಷಿ ಎಲ್ಲಿ ಎಂದು ಒಂದು ನರಪಿಳ್ಳೆಯೂ ಕೇಳುವುದಿಲ್ಲ. ಮದುಮಗನ ಮುಖ ತಾನೇ ಕಪ್ಪಿಟ್ಟು ತಪ್ಪೊಪ್ಪಿಕೊಳ್ಳುತ್ತದೆ. ಹೇಳಿದವಳು ಆಮೇಲೆ ಯಾವ ಮನೆಗೆ ಹೋದಳು, ಯಾರ ಜೊತೆ ಊಟಕ್ಕೆ ಕೂತಳು, ಅವಳ ಮಾತು ಸುಳ್ಳಾಗಿದ್ದರೆ ಏನು ಗತಿ, ಅದು ಯಾರಿಗೂ ಬೇಕಿಲ್ಲ. ಅಷ್ಟರಲ್ಲಿ ಜಾಹೀರಾತು ಬಂದಿರುತ್ತದೆ. ಎಷ್ಟೋ ವರ್ಷ ಈ ಮಾತನ್ನು ನಗುನಗುತ್ತ ಹೇಳಿ ಮನೆ ನಡೆಸಿದವಳಿಗೆ ಇವತ್ತು ಮೊದಲ ಸಲ ಅದರ ಹೆದರಿಕೆ ತಗಲಿತ್ತು. ಕೊನೆಗೆ ಕಣ್ಣುಮುಚ್ಚಿ, ಹೊಟ್ಟೆಯಿಂದ ಉಸಿರೆಳೆದು, ಹುಡುಗಿಯ ತುಟಿ ನೋಡದೆಯೇ ಕೂಗಿಬಿಟ್ಟಳು. "ಸೂಪರ್, ತುಟಿಗೆ ಹೇಳಿ ಮಾಡ್ಸಿದ ಹಾಗೆ ಕೂತಿದೆ" ಎಂದ ಅವನು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಪಕ್ಕಕ್ಕೆ ಬಂದು ನಿಂತ ಇನ್ನೊಂದು ಬಸ್ಸಿನಲ್ಲಿ ಗಂಡಸೊಬ್ಬ ಫೋನು ಹಿಡಿದು ಮಾತಾಡುತ್ತಿದ್ದ, ಎರಡು ಗಾಜಿನ ಆಚೆ ಅವನ ತುಟಿಗಳು ಕುಣಿದ ಹಾಗೆಲ್ಲ ಇವಳ ತುಟಿಗಳೂ ತಮ್ಮಷ್ಟಕ್ಕೆ ಅಲ್ಲಾಡಿದವು: "ಬಂದೆ, ಹೇಳಿದ್ನಲ್ಲ ಬಂದೆ ಅಂತ, ಇನ್ನೇನು ಹಾರ್ಕೊಂಡು ಬರ್ಲಾ." ಇದು ಕಸುಬಿನಿಂದ ಬಂದ ಚಟ ಎಂದು ಜನ ತಿಳಿದಿದ್ದರು. ನಿಜಕ್ಕೂ ಕಸುಬು ಬಂದದ್ದೇ ಈ ಚಟದಿಂದ. ಚಿಕ್ಕಂದಿನಲ್ಲಿ ಅಮ್ಮ ಕೆಲಸಕ್ಕೆ ಹೋದಾಗ ಹೊರಗೆ ಕಾಲಿಡಬೇಡಿ ಎಂದು ಹೇಳಿ ಹೋಗುತ್ತಿದ್ದಳು, ಅಕ್ಕತಂಗಿಯರು ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಕೂತು ಎದುರು ಮನೆಯವರನ್ನು ನೋಡುತ್ತಿದ್ದರು. "ಅಕ್ಕ, ಆ ಆಂಟಿಗೆ ಧ್ವನಿ ಕೊಡು" ಎನ್ನುತ್ತಿದ್ದಳು ತಂಗಿ. ಇವಳು ಕೊಡುತ್ತಿದ್ದಳು. ಎದುರುಮನೆಯಾಕೆ ಗಂಡನಿಗೆ ಬಯ್ಯುವುದು, ಗಂಡ ತಲೆ ಕೆರೆದುಕೊಳ್ಳುತ್ತ ಸುಳ್ಳು ಹೇಳುವುದು, ಎಲ್ಲ ಅವರವರ ತುಟಿಗೆ ಸರಿಯಾಗಿ. ತಂಗಿ ನೆಲಕ್ಕೆ ಬಿದ್ದು ಹೊರಳಾಡಿ ನಗುತ್ತಿದ್ದಳು, ನಕ್ಕು ನಕ್ಕು ಬಿಕ್ಕಳಿಕೆ ಬರುತ್ತಿತ್ತು. ತಂಗಿಯ ಅಸಲು ನಗುವಿಗೆ ಯಾವಾಗಲೂ ಕೊನೆಯಲ್ಲಿ ಬಿಕ್ಕಳಿಕೆ ಇರುತ್ತದೆ. ಅದನ್ನು ಕೇಳದೆ ಎಷ್ಟು ದಿನವಾಯಿತು ಎಂದು ನೆನಪಿಸಿಕೊಳ್ಳಲು ಹೋಗಿ ಅವಳು ಹೆದರಿ ಬಿಟ್ಟುಬಿಟ್ಟಳು.

ಅವಳನ್ನು ಹೀಗೆ ಹೆದರಿಸಿದ್ದು, ಮನೆಯ ಮೆಟ್ಟಿಲ ಮೇಲೆ ನಡೆದದ್ದು, ಅಷ್ಟೇನೂ ದೊಡ್ಡದಲ್ಲ. ಹೋದ ವಾರ ತಂಗಿಯೂ ಅವಳನ್ನು ಮದುವೆಯಾಗುವವನೂ ಮನೆಗೆ ಬಂದಿದ್ದರು, ಚಹಾ ಕುಡಿದಿದ್ದರು, ಅವನು ಅಮ್ಮನ ಮಂಡಿನೋವಿಗೆ ಯಾವುದೋ ಒಳ್ಳೆಯ ಡಾಕ್ಟರ ವಿಳಾಸ ಕೊಟ್ಟಿದ್ದ. ಅವರು ಹೊರಟ ಮೇಲೆ ಕುರ್ಚಿಯ ಬೆನ್ನಿಗೆ ಅವನ ಕೊಡೆ ನೇತಾಡುತ್ತಿತ್ತು. ಅದನ್ನು ಹಿಡಿದು ಇವಳು ಬರಿಗಾಲಲ್ಲಿ ಮೆಟ್ಟಿಲಿಳಿದಳು. ಕೆಳಗಿನ ತಿರುವಿನಲ್ಲಿ ಅವನ ಧ್ವನಿ. ಜಗಳದ ಧ್ವನಿಯಲ್ಲ, ಮಗುವನ್ನು ರಮಿಸುವಷ್ಟು ಮೆತ್ತಗಿನ ಧ್ವನಿ. "ಅವರೆದುರಿಗೆ ಮುಖ ಯಾಕೆ ಹಾಗಿಟ್ಕೊಂಡಿದ್ದೆ? ನಗು. ಈಗ ನಗು." ಆಮೇಲೆ ಒಂದು ಉಸಿರು. ಅಷ್ಟೇ, ಒಂದೇ ಉಸಿರು, ಹಲ್ಲಿನ ಸಂದಿಯಿಂದ ಒಳಕ್ಕೆ ಎಳೆದದ್ದು. ಬೇರೆ ಯಾರಿಗಾದರೂ ಅದು ಕೇಳಿಸುತ್ತಲೇ ಇರಲಿಲ್ಲ. ಇವಳಿಗೆ ಗೊತ್ತು. ನೋವಾದರೂ ಕೂಗಬಾರದವರು ಎಳೆಯುವ ಉಸಿರು ಅದು. ಮೈಕಿನ ಮುಂದೆ ಅದನ್ನು ತರಬೇಕಾದರೆ ಇವಳು ತೋಳಿನ ಒಳಭಾಗದ ಮೆತ್ತನೆ ಚರ್ಮವನ್ನು ಉಗುರಿನಿಂದ ಚಿವುಟಿಕೊಳ್ಳುತ್ತಾಳೆ, ಇಲ್ಲದಿದ್ದರೆ ಬರುವುದೇ ಇಲ್ಲ. ಇವಳ ಹೆಜ್ಜೆ ಕೇಳಿ ಇಬ್ಬರೂ ತಿರುಗಿದರು. ತಂಗಿ ನಗುತ್ತಿದ್ದಳು. "ಥ್ಯಾಂಕ್ಸ್ ಅಕ್ಕ, ಮರೆತೇಹೋಗಿತ್ತು" ಎಂದು ಅವನು ಒಂದು ಕೈಯಲ್ಲಿ ಕೊಡೆ ತೆಗೆದುಕೊಂಡ. ಇನ್ನೊಂದು ಕೈ ತಂಗಿಯ ಮೊಣಕೈಯನ್ನು ಹಿಡಿದಿತ್ತು, ದಾರಿ ದಾಟಿಸುವವರು ಹಿಡಿದ ಹಾಗೆ. ಇವಳು ಏನಂದಳು? "ಮೆಟ್ಟಿಲು ಜೋಪಾನ" ಎಂದಳು. ಮಾತಾಡಿಯೇ ದುಡಿದು ತಿನ್ನುವ ಬಾಯಿ ಅದು, ಅದಕ್ಕೆ ಆಗ ಹೊಳೆದದ್ದು ಅಷ್ಟೇ. ಮೇಲೆ ಬಂದು ಚಹಾ ಲೋಟ ತೊಳೆದಳು.

ಅಮ್ಮನಿಗೆ ಹೇಳಲಿಲ್ಲವೆ? ಹೇಳಿದಳು. ಅಮ್ಮ ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಉಸಿರು ಕೇಳ್ತಂತೆ ಉಸಿರು. ಹೋದ ಸಲ ಅವಳನ್ನ ನೋಡೋಕೆ ಬಂದ ಮೇಷ್ಟ್ರ ಧ್ವನಿ ಸುಳ್ಳು ಅಂದೆ. ಅವ್ಳು ಅದನ್ನೇ ಹಿಡ್ಕೊಂಡು ಬೇಡ ಅಂದ್ಳು. ಏನಾಯ್ತು? ಬಂಗಾರದಂಥಾ ಮನುಷ್ಯ, ಇನ್ನೊಬ್ಬಳ ಜೊತೆ ಸುಖವಾಗಿದಾನೆ. ಸ್ವಲ್ಪ ಬಾಯಿಗೆ ಬೀಗ ಹಾಕ್ಕೊ ತಾಯಿ. ನಿನಗೂ ಮದುವೆ ಆಗ್ಲಿಲ್ಲ, ಅವಳಿಗೂ ಬೇಡ್ವಾ?" ನಿನಗೂ ಆಗಲಿಲ್ಲ ಎಂಬ ಮಾತು ಬಂದ ಮೇಲೆ ಇವಳೂ ಒಂದು ಬಟ್ಟೆ ಎತ್ತಿಕೊಂಡು ಮಡಚತೊಡಗಿದಳು. ಮೇಷ್ಟರ ವಿಷಯದಲ್ಲಿ ಅಮ್ಮ ಹೇಳಿದ್ದು ಖರೆ. ಅವರನ್ನು ಇವಳು ಮೊನ್ನೆ ಮಾರ್ಕೆಟ್ಟಿನಲ್ಲಿ ಕಂಡಿದ್ದಳು. ಹೆಂಡತಿಯ ಕೈಯಿಂದ ಚೀಲ ಇಸಿದುಕೊಳ್ಳುತ್ತ ಅದೇ ಮೂಗಿನ ಧ್ವನಿಯಲ್ಲಿ ಏನೋ ಹೇಳುತ್ತಿದ್ದರು, ಆ ಧ್ವನಿ ಸುಳ್ಳಿನದಲ್ಲ, ಬರೀ ನೆಗಡಿಯದು. ಹಾಗಾದರೆ ಈ ಕಿವಿಯನ್ನು ಎಷ್ಟು ನಂಬುವುದು? ತನಗೆ ಸಿಗದ್ದು ತಂಗಿಗೆ ಸಿಗುತ್ತಿದೆ ಎಂಬ ಹೊಟ್ಟೆಕಿಚ್ಚೇ ಉಸಿರಾಗಿ ಕೇಳಿಸಿರಬಹುದಲ್ಲ? ವರ್ಷಾನುಗಟ್ಟಲೆ ಸುಳ್ಳು ಮದುವೆಗಳನ್ನು ನಿಲ್ಲಿಸಿದವಳಿಗೆ ನಿಜವಾದದ್ದೊಂದನ್ನು ನಿಲ್ಲಿಸಿಯೇ ನೋಡಬೇಕೆಂಬ ತೀಟೆ ಹತ್ತಿರಬಹುದಲ್ಲ? ಹೇಳಿದರೆ ಎರಡನೆಯ ಸಲ ತಂಗಿಯ ಬಾಳು ಕೆಡಿಸಿದವಳು. ಹೇಳದಿದ್ದರೆ ಆ ಮೆಟ್ಟಿಲ ತಿರುವಿನಲ್ಲಿ ತಂಗಿ ಜೀವಮಾನವೆಲ್ಲ ನಿಂತೇ ಇರುತ್ತಾಳೆ. ಬಸ್ಸು ನಿಂತಿತು, ಇಳಿಯಬೇಕಾದದ್ದು ಇಲ್ಲೇ ಎಂದು ಅವಳಿಗೆ ತಡವಾಗಿ ತಿಳಿಯಿತು.

ನೋಂದಣಿ ಕಚೇರಿಯ ಉದ್ದನೆಯ ಮೊಗಸಾಲೆಯಲ್ಲಿ ಬೆಂಚುಗಳನ್ನು ಗೋಡೆಗೆ ಒತ್ತಿ ಇಟ್ಟಿದ್ದರು. ಆಸ್ಪತ್ರೆಯ ಹಾಗೆ ಅರ್ಧ ಹಸಿರು ಬಳಿದ ಗೋಡೆ. ಅಮ್ಮ ಹೊಸ ಚಪ್ಪಲಿಯಲ್ಲಿ ಕಾಲು ಹಿಂಡಿಸಿಕೊಂಡು ಕೂತಿದ್ದಳು. ಅಮ್ಮನ ತಮ್ಮ, ನಗಿಸದಿದ್ದರೆ ಉಂಡ ಅನ್ನ ಅರಗದ ಮಾವ, ಇವಳನ್ನು ಕಂಡದ್ದೇ ಎರಡೂ ಕೈ ಎತ್ತಿ, "ಬಂದ್ಳಪ್ಪ ಮದುವೆ ಮುರಿಯೋಳು! ಬಾಗ್ಲು ಹಾಕ್ಕೊಳ್ರೋ!" ಎಂದು ಕೂಗಿದ. ಗಂಡಿನ ಕಡೆಯವರು ಏನು ಏನು ಎಂದು ಕೇಳಿದರು, ಮಾವ ವಿವರಿಸಿದ, ಅವರಲ್ಲಿ ಒಬ್ಬಾಕೆ ಕೆನ್ನೆಗೆ ಕೈಯಿಟ್ಟು "ಅಯ್ಯೋ, ಆ ಧ್ವನಿ ಇವರದಾ? ಒಂದ್ಸಲ ಹೇಳ್ಬಿಡಿ, ದಮ್ಮಯ್ಯ" ಎಂದಳು. ಕಂಡವರ ಮನೆ ಮದುವೆಗಳಲ್ಲಿ ಇವಳು ಎಷ್ಟೋ ಸಲ ಹೇಳಿದ್ದಳು. ಊಟವಾದ ಮೇಲೆ, ಮಕ್ಕಳು ಸುತ್ತ ಕೂತು, ಹೊಟ್ಟೆ ಹಿಡಿದು ನಗುವ ಆ ಮಾತು ಅವಳ ಉಡುಗೊರೆಯೇ ಆಗಿಹೋಗಿತ್ತು. "ಗಂಟಲು ಸರಿಯಿಲ್ಲ" ಎಂದಳು. "ಬಿಡಿ, ಪಾಪ, ಅವರಿಗೆ ತೊಂದ್ರೆ ಕೊಡ್ಬೇಡಿ" ಎಂದು ಮದುಮಗ ತಾನೇ ಬಂದು ಜನರನ್ನು ಸರಿಸಿದ, "ಊಟ ಆಯ್ತಾ ಅಕ್ಕ? ನೀರು ತರಿಸ್ಲಾ?" ಎಂದು ಕೇಳಿದ. ಅವನ ಕಣ್ಣಲ್ಲಿ ಹುಡುಕಿದರೂ ಕಲ್ಮಶ ಸಿಗಲಿಲ್ಲ. ಇಂಥವನ ಮೇಲೆ ಬೆರಳು ತೋರಿಸುವವಳಿಗೆ ಹುಚ್ಚು ಎನ್ನುತ್ತಾರೆ, ಇಲ್ಲ ಅದಕ್ಕಿಂತ ಕೆಟ್ಟದ್ದನ್ನು ಅನ್ನುತ್ತಾರೆ. ಅವನು ತಂದುಕೊಟ್ಟ ನೀರನ್ನು ಅವಳು ಪೂರ್ತಿ ಕುಡಿದಳು.

ತಂಗಿ ಕೈ ತೊಳೆಯುವ ಕೋಣೆಯಲ್ಲಿದ್ದಳು. ಕನ್ನಡಿಯ ಮುಂದೆ ಕೂದಲಿಗೆ ಪಿನ್ನು ಸಿಕ್ಕಿಸುತ್ತಿದ್ದವಳು ಅಕ್ಕನನ್ನು ಕನ್ನಡಿಯಲ್ಲೇ ನೋಡಿದಳು. ಈ ಸೆಖೆಯಲ್ಲೂ ಅವಳ ಹೊಸ ಬಟ್ಟೆಯ ತೋಳು ಮಣಿಕಟ್ಟಿನವರೆಗೆ ಇತ್ತು. "ಬೇಯ್ತಾ ಇಲ್ವೇನೆ?" ಎಂದಳು ಇವಳು. "ಅವರೇ ಆರಿಸಿದ್ದು" ಎಂದಳು ತಂಗಿ. ನಲ್ಲಿ ತೊಟ್ಟಿಕ್ಕುತ್ತಿತ್ತು. ಇವಳು ಮುಂದೆ ಹೋಗಿ, ಏನೂ ಯೋಚಿಸದೆ, ಬಾಲ್ಕನಿಯ ದಿನಗಳಲ್ಲಿ ಹಿಡಿದ ಹಾಗೆ, ತಂಗಿಯ ಮೊಣಕೈ ಹಿಡಿದಳು. ಹಲ್ಲಿನ ಸಂದಿಯಿಂದ ಅದೇ ಉಸಿರು. ಇಬ್ಬರೂ ಕೈ ಹಿಂದಕ್ಕೆ ತೆಗೆದರು. "ಮರೀ, ನನ್ ಜೊತೆ ಬಾ. ಆ ಕಡೆ ಇನ್ನೊಂದು ಬಾಗ್ಲಿದೆ. ಯಾರಿಗೂ ಏನೂ ಹೇಳೋದು ಬೇಡ, ಸುಮ್ನೆ ಹೋಗೋಣ." ತಂಗಿ ಪಿನ್ನನ್ನು ಬಾಯಲ್ಲಿ ಕಚ್ಚಿಕೊಂಡೇ ಬೇಡವೆಂದು ತಲೆಯಾಡಿಸಿದಳು. ಅದನ್ನು ಹೊರಗೆ ತೆಗೆದು ಕೂದಲಿಗೆ ಚುಚ್ಚಿದ ಮೇಲೆ, "ಇವತ್ತು ಬೇಡ ಅಕ್ಕ. ನೀನು ಏನಾದ್ರೂ ಅಂದ್ರೆ ಆಮೇಲೆ ನನಗೇ ಕಷ್ಟ" ಎಂದಳು. ಹೊರಗೆ ಮಾವ ಬಾಗಿಲು ತಟ್ಟುತ್ತಿದ್ದ, "ಕರೀತಿದಾರೆ, ಬನ್ರಮ್ಮ, ಶೃಂಗಾರ ಸಾಕು!" ತಂಗಿ ಕನ್ನಡಿ ನೋಡಿಕೊಂಡು, ತುಟಿ ಎರಡೂ ಕಡೆ ಎಳೆದು, ಸರಿಯಾಗಿದೆಯೇ ಎಂದು ಪರೀಕ್ಷಿಸಿ, ಆ ನಗುವನ್ನು ಹಾಗೇ ಮುಖದ ಮೇಲಿಟ್ಟುಕೊಂಡು ಹೊರಟಳು. ಇನ್ನು ಅನುಮಾನ ಉಳಿದಿರಲಿಲ್ಲ. ಅನುಮಾನ ಇದ್ದಾಗಲೇ ಸುಖವಾಗಿತ್ತು.

ಒಳಗಿನ ಕೋಣೆ ಚಿಕ್ಕದು. ದೊಡ್ಡ ಮೇಜು, ಅದರ ಹಿಂದೆ ಅಧಿಕಾರಿ, ಮೇಲೆ ಕಟಕಟ ಎನ್ನುವ ಫ್ಯಾನು. ಮೇಜಿನ ಈ ಕಡೆಯ ಎರಡು ಕುರ್ಚಿಗಳನ್ನು ಓರೆಯಾಗಿಟ್ಟಿದ್ದರು. ಒಂದರಲ್ಲಿ ತಂಗಿ, ಇನ್ನೊಂದರಲ್ಲಿ ಅವನು. ಉಳಿದವರು ಎರಡು ಬದಿಯ ಗೋಡೆಗೆ ಸಾಲಾಗಿ ನಿಂತು ಕೂತು ಮಾಡಿದರು. ಇವಳಿಗೆ ಅವರು ಮುಖ ಮಾಡಿದ್ದ ಬದಿಯ ಗೋಡೆಯ ಕುರ್ಚಿ ಸಿಕ್ಕಿತು, ಅಲ್ಲಿಂದ ಅವರಿಬ್ಬರ ಮುಖವೂ ಕಾಣುತ್ತಿತ್ತು, ಮೇಜಿನ ಕೆಳಗೆ ಅವನ ಕೈ ತಂಗಿಯ ಮೊಣಕೈಗೆ ಹೋದದ್ದೂ ಕಾಣುತ್ತಿತ್ತು. ಚೀಲವನ್ನು ಎದೆಗೆ ಅವುಚಿಕೊಂಡಳು. ಇಲ್ಲಿ ದಢಾರನೆ ತೆರೆದುಕೊಳ್ಳುವ ಬಾಗಿಲು ಇರಲಿಲ್ಲ, ಇದ್ದ ಒಂದಕ್ಕೆ ಚಿಲಕ ಹಾಕಿದ್ದರು. ಅಧಿಕಾರಿ ಕನ್ನಡಕ ಮೂಗಿನ ತುದಿಗೆ ಇಳಿಸಿ, ದಿನಾ ಓದಿ ಸವೆದ ಸಾಲುಗಳನ್ನು ಓದಿದ. ಕೊನೆಗೆ ತಲೆಯೆತ್ತದೆ, "ಯಾರದಾದ್ರೂ ಆಕ್ಷೇಪಣೆ ಇದೆಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪೆನ್ನಿನ ಮುಚ್ಚಳ ತೆಗೆದ.

ಅವಳು ಎದ್ದುನಿಂತಳು. ಮೆಲ್ಲಗೆ, ಮರ್ಯಾದೆಯಿಂದ, ಸ್ವಲ್ಪ ಮಾತಾಡಬೇಕು ಎನ್ನುವುದೆಂದು ಲೆಕ್ಕ ಹಾಕಿದ್ದಳು. ಆದರೆ ಈ ಒಂದು ಸಂಗತಿಯನ್ನು ಹೇಳಲು ಅವಳ ಮೈಗೆ ಗೊತ್ತಿದ್ದದ್ದು ಒಂದೇ ದಾರಿ. ಹೊಟ್ಟೆ ತಾನಾಗಿ ಬಿಗಿಯಿತು, ಉಸಿರು ತಾನಾಗಿ ಏರಿತು, "ನಿಲ್ಲಿಸಿ! ಈ ಮದುವೆ ನಡೆಯಕೂಡದು!" ಎಂಬುದು ಕೋಣೆಯ ನಾಲ್ಕೂ ಗೋಡೆಗೆ ಬಡಿದು ಮೊಳಗಿತು. ಆಮೇಲೆ ಮಾವ ತೊಡೆ ತಟ್ಟಿದ, ಕೋಣೆಗೆ ಕೋಣೆಯೇ ನಗೆಯಲ್ಲಿ ಬಿದ್ದುಹೋಯಿತು. ಚಪ್ಪಾಳೆ. "ಗಂಟಲು ಸರಿಯಿಲ್ಲ ಅಂತ ಇದಕ್ಕೇ ಕೂಡಿಟ್ಟಿದ್ಲು ಕಳ್ಳಿ!" ಅಧಿಕಾರಿ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ನಮ್ಮನೇಲಿ ದಿನಾ ಇದೇ ಕಣ್ರೀ" ಎಂದ. "ಇಲ್ಲ, ನಾನು ನಿಜವಾಗಿ ಹೇಳ್ತಿದೀನಿ" ಎಂದಳು ಅವಳು, ಎಲ್ಲ ಧಾರಾವಾಹಿಯಲ್ಲೂ ಎರಡನೆಯ ಮಾತು ಅದೇ, ನಗು ಇಮ್ಮಡಿಯಾಯಿತು. ಅಮ್ಮ ನಾಚಿಕೆಯಿಂದ ಸೆರಗು ಸಿಗದೆ ಕೈಯನ್ನೇ ಬಾಯಿಗೆ ಇಟ್ಟುಕೊಂಡಿದ್ದಳು. ತೋಳ ಬಂತು ತೋಳ ಎಂದು ಕೂಗಿ ಕೂಗಿ ಅನ್ನ ತಿಂದವಳು ಅವಳು. ಈಗ ತೋಳ ಕುರ್ಚಿಯಲ್ಲಿ ಕೂತಿದೆ, ಕೂಗನ್ನು ಮೆಚ್ಚಿ ಚಪ್ಪಾಳೆ ತಟ್ಟುತ್ತಿದ್ದಾರೆ. ಅಷ್ಟು ಜನರ ನಡುವೆ ತಂಗಿ ಒಬ್ಬಳೇ ನಗುತ್ತಿರಲಿಲ್ಲ. ನಗುವನ್ನು ಎಲ್ಲೋ ಬೀಳಿಸಿಕೊಂಡವಳ ಹಾಗೆ ಅಕ್ಕನನ್ನೇ ನೋಡುತ್ತಿದ್ದಳು, ಬೆದರಿದ ಬೋಳು ಮುಖ. ಆ ಮುಖ ಅವನಿಗೂ ಕಂಡಿತು.

ಅವನು ನಗುತ್ತಲೇ ತಂಗಿಯ ಕಡೆ ಬಾಗಿದ. ಗದ್ದಲದಲ್ಲಿ ಪಕ್ಕದವರಿಗೂ ಏನೂ ಕೇಳುವಂತಿರಲಿಲ್ಲ. ಎರಡು ಗಾಜಿನ ಆಚೆಯ ಬಸ್ಸಿನವನ ಹಾಗೆ, ಎದುರುಮನೆಯಾಕೆಯ ಹಾಗೆ, ಅವನ ತುಟಿಗಳು ಮಾತ್ರ ಅಲ್ಲಾಡಿದವು. ಅವಳು ಯೋಚಿಸಲಿಲ್ಲ. ಯೋಚಿಸಿದ್ದರೆ ಹೆದರಿಕೆಯೇ ಗೆಲ್ಲುತ್ತಿತ್ತು. ಅವನ ತುಟಿ ಬಿಚ್ಚಿದ ಹಾಗೆ ಇವಳ ತುಟಿ ಬಿಚ್ಚಿತು. ಮೆಟ್ಟಿಲ ತಿರುವಿನ ಆ ಧ್ವನಿಯೇ, ಮಗುವನ್ನು ರಮಿಸುವಷ್ಟು ಮೆತ್ತಗಿನ ಆ ಗಂಡು ಧ್ವನಿಯೇ ಇವಳ ಗಂಟಲಿಂದ ಹೊರಟಿತು. "ಮುಖ ಯಾಕೆ ಹಾಗಿಟ್ಕೊಂಡಿದೀಯ?" ಹತ್ತಿರದ ನಾಲ್ಕು ಜನರ ನಗು ಕಡಿದುಹೋಯಿತು. ಅವರು ಇವಳನ್ನು ನೋಡಿದರು, ಇವಳು ನೋಡುತ್ತಿದ್ದ ಕಡೆ ನೋಡಿದರು. ಅವನಿಗೆ ಆ ಮೌನ ಇನ್ನೂ ತಾಗಿರಲಿಲ್ಲ. ತುಟಿ ಅಲ್ಲಾಡುತ್ತಲೇ ಇತ್ತು. "ಮನೇಗ್ ಹೋದ್ಮೇಲೆ ಇದೆ ನಿನಗೆ" ಎಂದಳು ಅವಳು ಅವನ ತುಟಿಗೆ ಸರಿಯಾಗಿ, ಒಂದಕ್ಷರ ಹಿಂದೆ ಮುಂದೆ ಇಲ್ಲದೆ. ಈಗ ಇಡೀ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಆ ಸದ್ದಿನ ಮೇಲೆ ಇವಳ ಧ್ವನಿ, ಇವಳ ಧ್ವನಿಯ ಅಡಿಯಲ್ಲಿ, ಈಗ ಎಲ್ಲರಿಗೂ ಕೇಳುವ ಹಾಗೆ, ಅವನದೇ ಪಿಸುಮಾತು. ಎರಡೂ ಸೇರಿ ಒಂದೇ ಮಾತಾಡಿದವು. "ನಗು. ಈಗ ನಗು."

ತಂಗಿ ನಕ್ಕಳು. ಗುಂಡಿ ಒತ್ತಿದರೆ ಹತ್ತುವ ದೀಪದ ಹಾಗೆ, ಆ ಮಾತು ಮುಗಿದ ಕ್ಷಣಕ್ಕೆ ಸರಿಯಾಗಿ, ತುಟಿ ಎರಡೂ ಕಡೆ ಎಳೆದು, ಕಣ್ಣು ಅಗಲವಾಗಿಟ್ಟುಕೊಂಡು ನಕ್ಕಳು. ಅಲ್ಲಿದ್ದವರೆಲ್ಲ ಅದು ಬಂದದ್ದನ್ನು ನೋಡಿದರು. ಅಧಿಕಾರಿ ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿದ. "ಏನಿದು ತಮಾಷೆ, ಅಕ್ಕ, ಎಲ್ಲದಕ್ಕೂ ಒಂದು ಮಿತಿ ಇರುತ್ತೆ" ಎಂದ ಮದುಮಗ ತಿರುಗಿ, ಅದೇ ಮೆತ್ತನೆಯ ಧ್ವನಿಯಲ್ಲಿ, ಎಲ್ಲರೂ ಆಗಷ್ಟೇ ಇವಳ ಬಾಯಿಂದ ಕೇಳಿದ್ದ ಅದೇ ಧ್ವನಿಯಲ್ಲಿ. ತನ್ನದೇ ಧ್ವನಿಯನ್ನು ಕೇಳಿಸಿಕೊಂಡವನ ಹಾಗೆ ಅರ್ಧಕ್ಕೇ ನಿಂತ. ಮಾವನ ಬಾಯಿ ತೆರೆದೇ ಇತ್ತು, ಅದರಲ್ಲಿ ಯಾವ ತಮಾಷೆಯೂ ಇರಲಿಲ್ಲ. ಇವಳಿಗೆ ಗೆದ್ದೆ ಎಂದು ಅನಿಸಲಿಲ್ಲ, ಆಮೇಲೆ ನನಗೇ ಕಷ್ಟ ಎಂದ ತಂಗಿಯ ಮಾತು ಕಿವಿಯಲ್ಲಿತ್ತು. ಈ ಮೌನ ಯಾವ ಕಡೆ ಒಡೆಯುತ್ತದೋ ಎಂದು ಅವಳು ಹೆದರಿ ಸಾಯುತ್ತಿದ್ದಾಗ ಅಮ್ಮ ಎದ್ದಳು.

ಅಮ್ಮ ಕಾಲು ಹಿಂಡುತ್ತಿದ್ದ ಚಪ್ಪಲಿಯನ್ನು ಅಲ್ಲೇ ಕಳಚಿಟ್ಟು, ಮಂಡಿ ಹಿಡಿದುಕೊಂಡು, ಕೋಣೆಯ ಅಷ್ಟಗಲವನ್ನು ನಿಧಾನವಾಗಿ ದಾಟಿದಳು. ಅವನನ್ನು ನೋಡಲಿಲ್ಲ. ಬಗ್ಗಿ, ಮಗಳ ಮೊಣಕೈಯ ಮೇಲಿದ್ದ ಅವನ ಬೆರಳುಗಳನ್ನು, ಮಗುವಿನ ಕೈಯಿಂದ ಚಾಕು ತೆಗೆಯುವ ಹಾಗೆ, ಒಂದೊಂದಾಗಿ ಬಿಡಿಸಿದಳು. ಅವನು ಬಿಟ್ಟುಕೊಟ್ಟ. ಆಮೇಲೆ ಎರಡೂ ಅಂಗೈಯಲ್ಲಿ ಮಗಳ ಮುಖ ಹಿಡಿದು, ಆ ನಗುವಿನ ಮೇಲೆ ಹೆಬ್ಬೆರಳಾಡಿಸಿದಳು. "ಸಾಕು ಮಗಳೇ" ಎಂದಳು, "ನಗ್ಬೇಡ. ಇನ್ನು ನಗ್ಬೇಡ." ತಂಗಿಯ ಮುಖದಿಂದ ನಗು ಇಳಿಯಲು ಬಹಳ ಹೊತ್ತು ಹಿಡಿಯಿತು.